ಬೂದಿದಿಬ್ಬಕ್ಕೆ ಮಕ್ಕಳನ್ನು ಕರೆದೊಯ್ಯಬೇಕು, ಹೋಗಿ ಬಂದವರು ಹೇಳಿ

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಕೊಪ್ಪಳ ಜಿಲ್ಲೆ)

ಎಂಟನೆಯ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನವಶಿಲಾಯುಗ ಎಂದರೆ ಬೇಸಾಯ ಶುರುವಾಯಿತು, ದನ ಸಾಕಿದರು, ಕಲ್ಲನ್ನು ಉಜ್ಜಿ ನಯ ಮಾಡಿದರು, ಮಡಕೆ ಮಾಡಿದರು. ಮಕ್ಕಳು ಇಷ್ಟನ್ನು ಬಾಯಿಪಾಠ ಒಪ್ಪಿಸಿ ಕೂರುತ್ತಾರೆ. ಸಂಗನಕಲ್ಲು, ಪಿಕ್ಲಿಹಾಳ, ಮಸ್ಕಿಯಂಥ ಆ ಕಾಲದ ನೆಲೆಗಳು, ಆಗಿನ ಬೂದಿ ಗುಡ್ಡೆಯಾಗಿ ಉಳಿದಿರುವ ಬೂದಿದಿಬ್ಬಗಳು ಎಲ್ಲವೂ ನಮ್ಮ ಸುತ್ತಮುತ್ತಲೇ ಇರುವಾಗ ಒಂದು ದಿನ ಕರೆದುಕೊಂಡು ಹೋಗುವ ಆಸೆ. ಸಹೋದ್ಯೋಗಿಗಳು, "ಅಲ್ಲೇನಿದೆ, ಬರೀ ಕಲ್ಲು, ಬೂದಿ. ಸುಮ್ಮನೆ ಹಂಪಿಗೆ ಹೋಗೋಣ" ಎನ್ನುತ್ತಾರೆ. ಎಲ್ಲಿಗೆ ಹೋದರೆ ಕಣ್ಣಿಗೆ ಕಾಣುವಂಥದ್ದು ಸಿಗುತ್ತದೆ? ಏನು ತೋರಿಸಬೇಕು?

ಬಳ್ಳಾರಿಯಿಂದ ಒಬ್ಬರು

ಮೇಡಂ, ಮೊದಲು ಬಳ್ಳಾರಿ ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಸಂಗ್ರಹಾಲಯ, ಆಮೇಲೆ ಬೆಟ್ಟ. ಈ ಕ್ರಮ ತಪ್ಪಿಸಬೇಡಿ. ಉಜ್ಜಿದ ಕಲ್ಲುಕೊಡಲಿಯನ್ನು ಒಮ್ಮೆ ಹತ್ತಿರದಿಂದ ನೋಡದ ಮಕ್ಕಳಿಗೆ ಬೆಟ್ಟದ ಮೇಲೆ ಬಿದ್ದಿರುವ ಚೆಕ್ಕೆಗಳು ಜಲ್ಲಿಯಂತೆಯೇ ಕಾಣುತ್ತವೆ.

ಸಂಗನಕಲ್ಲು ಮತ್ತು ಕಪ್ಪಗಲ್ಲು ಬಳ್ಳಾರಿಯಿಂದ ದೂರವೇನಲ್ಲ. ಅಲ್ಲಿನ ಹಿರೇಗುಡ್ಡ ಹತ್ತಿದರೆ ಬಿಳಿಚು ಬಂಡೆಗಳ ನಡುವೆ ಕಪ್ಪು ಕಲ್ಲಿನ ಪಟ್ಟೆಯೊಂದು ಹಾದುಹೋಗಿರುವುದು ಕಾಣುತ್ತದೆ. ಅದು ಡೋಲರೈಟ್. ಕೊಡಲಿಗೆ ಬೇಕಾದ ಕಲ್ಲು ಅದೇ. ಅಲ್ಲೇ ಒಡೆದು, ಅಲ್ಲೇ ಚೆಕ್ಕೆ ಎಬ್ಬಿಸಿ, ಬಂಡೆಯ ಮೇಲೆ ನೀರು ಹಾಕಿ ಉಜ್ಜುತ್ತಿದ್ದರು. ಉಜ್ಜಿ ಉಜ್ಜಿ ಬಿದ್ದ ಉದ್ದನೆಯ ತಗ್ಗುಗಳು ಇಂದಿಗೂ ಇವೆ. ಮಕ್ಕಳಿಗೆ ಅದರಲ್ಲಿ ಅಂಗೈ ಇಟ್ಟು ಸವರಲು ಹೇಳಿ. ಸುತ್ತಲಿನ ಕಲ್ಲು ತರಿತರಿ, ತಗ್ಗು ಮಾತ್ರ ನುಣ್ಣಗೆ.

ಕಪ್ಪು ಬಂಡೆಗಳ ಮೇಲೆ ಡುಬ್ಬದ ಎತ್ತು, ಉದ್ದ ಕೊಂಬಿನ ದನ, ಮನುಷ್ಯರ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊರಡುತ್ತದೆ, ಹಿಂದಿನವರು ಬಡಿದ ಗುಳಿಗಳೂ ಅವುಗಳ ಮೇಲಿವೆ. ನೀವು ಬಡಿಯಲು ಬಿಡಬೇಡಿ. ಗಣಿಗಾರಿಕೆಯಿಂದ ಆ ಬೆಟ್ಟಕ್ಕೆ ಬಿದ್ದಿರುವ ಪೆಟ್ಟೇ ಸಾಕು.

ನಿವೃತ್ತ ಇತಿಹಾಸ ಉಪನ್ಯಾಸಕ, ಹೊಸಪೇಟೆ

ನಿಮ್ಮ ಸಹೋದ್ಯೋಗಿಗಳು ಹಂಪಿಯನ್ನೇ ಹಿಡಿದಿದ್ದರೆ ಜಗಳ ಬೇಡ, ಅಲ್ಲೂ ಒಂದು ಬೂದಿದಿಬ್ಬವಿದೆ. ವಿಠ್ಠಲ ದೇವಾಲಯದಿಂದ ಪೂರ್ವಕ್ಕೆ, ನಿಂಬಾಪುರದ ಬಳಿ. ರಾಮ ಕೊಂದ ವಾಲಿಯನ್ನು ಸುಟ್ಟ ಬೂದಿ ಅದೆಂದು ಜನ ನಂಬುತ್ತಾರೆ. ಕುಡತಿನಿಯ ದಿಬ್ಬವನ್ನು ರಾಕ್ಷಸನ ಬೂದಿ ಎನ್ನುತ್ತಾರೆ. ಅದು ಬಳ್ಳಾರಿ–ಹೊಸಪೇಟೆ ರಸ್ತೆಗೆ ಹತ್ತಿರವೇ ಇರುವುದರಿಂದ ಬಸ್ಸಿನಲ್ಲಿ ಬರುವ ಶಾಲೆಗಳಿಗೆ ಅನುಕೂಲ. (ಕುಡತಿನಿಯಲ್ಲಿ ಬರೀ "ಬೂದಿ ಎಲ್ಲಿದೆ" ಎಂದು ಕೇಳಿದರೆ ಉಷ್ಣ ವಿದ್ಯುತ್ ಸ್ಥಾವರದ ಕಡೆ ಕೈ ತೋರಿಸಿಯಾರು, ಜೋಕೆ.)

ಅಲ್ಲಿ ನಿಂತು ಪಾಠ ಶುರು ಮಾಡಬೇಡಿ. ಮೊದಲು, "ಇದು ಏನಿರಬಹುದು, ನೀವೇ ಹೇಳಿ" ಎನ್ನಿ. ಇನ್ನೂರು ವರ್ಷ ದೊಡ್ಡವರೇ ತಲೆ ಕೆಡಿಸಿಕೊಂಡ ಪ್ರಶ್ನೆ ಅದು. ಜ್ವಾಲಾಮುಖಿ ಎಂದವರಿದ್ದಾರೆ, ಸಾಮೂಹಿಕ ಬಲಿ ಎಂದವರಿದ್ದಾರೆ, ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟ ಎಂದವರೂ ಇದ್ದಾರೆ. ಹಾಗೆ ಅನ್ನಿಸಲು ಕಾರಣವಿದೆ: ದಿಬ್ಬದಲ್ಲಿ ಮೆತ್ತನೆಯ ಬೂದು ಪದರಗಳ ಜೊತೆಗೆ, ಕರಗಿ ಗಾಜಿನಂತೆ ಗಟ್ಟಿಯಾದ, ತೂತು ತೂತಾದ ಹೆಂಟೆಗಳು ಸಿಗುತ್ತವೆ. ಇದು ಹಳೆಯ ದನದ ದೊಡ್ಡಿಯ ಸಗಣಿ ಎಂದು ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಿದವನು ಬ್ರಿಟಿಷ್ ಭೂವಿಜ್ಞಾನಿ ಬ್ರೂಸ್ ಫೂಟ್. 1960ರ ಹೊತ್ತಿಗೆ ಝಾಯ್ನರ್ ಎಂಬ ವಿದ್ವಾಂಸರು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದನ್ನು ಖಚಿತಪಡಿಸಿದರು. ಹುಲ್ಲಿನಲ್ಲಿರುವ ಸಿಲಿಕಾ ಸಗಣಿಯಲ್ಲೂ ಉಳಿಯುತ್ತದೆ, ಬೆಂಕಿ ಜೋರಾದರೆ ಅದು ಕರಗುತ್ತದೆ. ಗಾಜಿನಂಥ ಹೆಂಟೆಯ ಗುಟ್ಟು ಇಷ್ಟೇ.

ಹಳ್ಳಿಯ ಮಕ್ಕಳಾದರೆ ನಿಮ್ಮ ಕೆಲಸ ಇನ್ನೂ ಹಗುರ. "ನಿಮ್ಮ ಕೊಟ್ಟಿಗೆಯಲ್ಲಿ ಒಂದು ತಿಂಗಳು ಸಗಣಿ ಬಾಚದಿದ್ದರೆ ಎಷ್ಟು ಏರುತ್ತದೆ?" ಎಂದು ಕೇಳಿ, ಲೆಕ್ಕ ಅವರೇ ಹಾಕುತ್ತಾರೆ.

ಪುರಾತತ್ವಜ್ಞ ಆಲ್ಚಿನ್ ಅವರು 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೇ ದಿಬ್ಬವನ್ನು ಅಗೆದಾಗ ಬೇಲಿಯ ಕಂಬ ನೆಟ್ಟ ಕುಳಿಗಳ ಸಾಲು ಸಿಕ್ಕಿತು, ಬೂದಿಯ ಮೇಲೆ ದನದ ಗೊರಸಿನ ಗುರುತುಗಳೂ ಸಿಕ್ಕವು. ದೊಡ್ಡಿ ಸುಟ್ಟು, ಅಲ್ಲೇ ಬೇಲಿ ಕಟ್ಟಿ, ಮತ್ತೆ ಸುಟ್ಟಿದ್ದಾರೆ. ಯಾಕೆ ಸುಟ್ಟರು ಎಂಬುದಕ್ಕೆ ಪಂಡಿತರಲ್ಲಿ ಒಮ್ಮತವಿಲ್ಲ. ಆಲ್ಚಿನ್ ಅದನ್ನು ಹೋಳಿ, ಸಂಕ್ರಾಂತಿಯಂಥ ಹಬ್ಬಗಳ ಬೆಂಕಿಗೆ ಹೋಲಿಸಿದರು. ಹಳೆಯ ಮೈಸೂರು ಕಡೆ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಆ ಊಹೆ ತೀರಾ ದೂರದ್ದೆನಿಸದು. ನನಗೆ ಮಾತ್ರ ಪೂರ್ತಿ ಒಪ್ಪಿಗೆಯಿಲ್ಲ. ಉಣ್ಣೆಹುಳು, ನೊಣಗಳ ಕಾಟಕ್ಕೆ ದೊಡ್ಡಿಗೆ ಬೆಂಕಿ ಇಟ್ಟಿರಲೂ ಸಾಧ್ಯ, ಎರಡೂ ಕೂಡಿಯೇ ಇದ್ದಿರಲೂ ಸಾಧ್ಯ. ಮಕ್ಕಳು ಎರಡು ಪಕ್ಷವಾಗಿ ವಾದಿಸಲಿ.

ಸುರಪುರ ತಾಲ್ಲೂಕಿನ ರೈತರೊಬ್ಬರು

ಅಕ್ಕನವರೇ, ನಮ್ಮ ಕಡೆ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು 1989ರಿಂದ ಹಲವು ವರ್ಷ ಅಗೆಸಿದರು. ದೊಡ್ಡಿಯ ಪಕ್ಕದಲ್ಲೇ ಜನ ವಾಸವಿದ್ದ ಜಾಗ, ದನ ಕಡಿದು ಪಾಲು ಮಾಡಿದ ನೆಲ, ಚೆಕ್ಕೆ ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ ಎಲ್ಲ ಸಿಕ್ಕವು. ದನ ಕಟ್ಟಿ ಹೋಗುವ ಬರಿಯ ರೊಪ್ಪ ಅದಲ್ಲ, ಊರೇ ಎಂದು ಆಗ ತಿಳಿಯಿತು. ಆದರೆ ಅಗೆದಾಗ ಕಂಡದ್ದೆಲ್ಲ ಈಗಲೂ ತೆರೆದಿರುತ್ತದೆ ಎಂದು ಮಕ್ಕಳಿಗೆ ಆಸೆ ಹಚ್ಚಬೇಡಿರಿ.

ಇನ್ನೊಂದು ಮಾತು. ಈ ಭಾಗದಲ್ಲಿ ಬೂದಿಮಣ್ಣನ್ನು ಗೊಬ್ಬರವೆಂದು ಹೊಲಕ್ಕೆ ಹೇರಿದವರು ಬಹಳ. ಒಳ್ಳೆಯ ಗೊಬ್ಬರ ಹೌದು, ಸುಳ್ಳು ಹೇಳುವುದಿಲ್ಲ. ಹಾಗಾಗಿ ಅರ್ಧ ಕರಗಿದ ದಿಬ್ಬಗಳೇ ಹೆಚ್ಚು. ಸುತ್ತ ಹೊಲವಿದ್ದರೆ ಮಾಲೀಕರನ್ನು ಕೇಳಿ ಒಳಗೆ ಹೋಗಿರಿ, ಬೆಳೆ ನಿಂತಾಗ ಬರಬೇಡಿರಿ.

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಎಲ್ಲರೂ ದನದ ಬಗ್ಗೆಯೇ ಹೇಳಿದ್ದೀರಿ. ಅವರು ತಿಂದದ್ದೇನು? ಮಣ್ಣಿನಲ್ಲಿ ಉಳಿದ ಸುಟ್ಟ ಕಾಳುಗಳನ್ನು ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮುಂತಾದ ಪುರಾತತ್ವಜ್ಞರು ಹುಡುಕಿ ಗುರುತಿಸಿದ್ದಾರೆ. ಮುಖ್ಯವಾಗಿ ಹುರಳಿ, ಹೆಸರು, ಕೊರಲೆ, ಜೊತೆಗೆ ನವಣೆಯ ಜಾತಿಯದೇ ಒಂದು ಹುಲ್ಲಿನ ಕಾಳು. ಗೋಧಿ, ಬಾರ್ಲಿ ಬಂದದ್ದು ತಡವಾಗಿ, ಅದೂ ಅಲ್ಪ. ಅಂದರೆ ಮಳೆ ನಂಬಿದ ನಮ್ಮ ಖುಷ್ಕಿ ಬೇಸಾಯದ ಬೆಳೆಗಳೇ.

ಕಾಳು ಹುಡುಕುವ ಬಗೆಯನ್ನು ಶಾಲೆಯ ಅಂಗಳದಲ್ಲೇ ತೋರಿಸಬಹುದು. ಹುರಳಿಯನ್ನು ಬಾಣಲೆಯಲ್ಲಿ ಪೂರ್ತಿ ಕರ್ರಗಾಗುವವರೆಗೆ ಹುರಿದು, ಒಣ ಮಣ್ಣಿನಲ್ಲಿ ಬೆರೆಸಿ. ಬಕೆಟ್ ನೀರಿಗೆ ಆ ಮಣ್ಣನ್ನು ಸುರಿದು ಮೆಲ್ಲಗೆ ಕಲಕಿದರೆ ಮಣ್ಣು ತಳಕ್ಕೆ ಇಳಿಯುತ್ತದೆ, ಇದ್ದಿಲಾದ ಕಾಳು ಮೇಲೆ ತೇಲುತ್ತದೆ. ಮೇಲಿನ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಭೂತಗನ್ನಡಿಯಲ್ಲಿ ನೋಡಲಿ. ಸಂಶೋಧಕರು ಮಾಡುವುದೂ ಮೂಲದಲ್ಲಿ ಇದನ್ನೇ. ಪ್ರವಾಸಕ್ಕೆ ಮುಂಚೆಯೇ ಮಾಡಿಸಿ.

ಪ್ರಯಾಗರಾಜದಲ್ಲಿರುವ ಕನ್ನಡಿಗ

ಉಟ್ನೂರಿನ ಗೊರಸಿನ ಗುರುತು ಓದಿ ಬರೆಯುತ್ತಿದ್ದೇನೆ. ಇಲ್ಲಿನ ಬೇಲನ್ ಕಣಿವೆಯ ಮಹಗಡಾದಲ್ಲೂ ದನದ ದೊಡ್ಡಿ, ಗೊರಸಿನ ಗುರುತು ಸಿಕ್ಕಿವೆ, ಆದರೆ ಜನ ಉಂಡದ್ದು ಅಕ್ಕಿ. ಕಾಶ್ಮೀರದ ಬುರ್ಜಹೋಮ್‌ನಲ್ಲಿ ನೆಲದಲ್ಲಿ ಗುಂಡಿ ತೋಡಿದ್ದಾರೆ, ಅವು ಮನೆಗಳೆಂದು ಬಹುಕಾಲದ ಅಭಿಪ್ರಾಯ. ಮನುಷ್ಯರ ಜೊತೆ ನಾಯಿಗಳನ್ನೂ ಹೂಳಿದ್ದಾರೆ. ಬಲೂಚಿಸ್ತಾನದ ಮೆಹರ್‌ಗಢ ಎಲ್ಲಕ್ಕಿಂತ ಹಳೆಯದು, ಕ್ರಿ.ಪೂ. 7000ದ ಸುಮಾರಿನಿಂದ ಬಾರ್ಲಿ, ಗೋಧಿ, ಹಸಿ ಇಟ್ಟಿಗೆಯ ಮನೆ. ನಮ್ಮ ಬೂದಿದಿಬ್ಬಗಳು ಕ್ರಿ.ಪೂ. 3000ದ ಆಸುಪಾಸಿನಿಂದ ಈಚಿನವು. ಪಠ್ಯದಲ್ಲಿ ಇವೆಲ್ಲ ನವಶಿಲಾಯುಗ ಎಂಬ ಒಂದೇ ಹೆಸರಿನಡಿ ಬರುತ್ತವೆ. ಗೋಡೆಗೆ ನಕ್ಷೆ ಅಂಟಿಸಿ ಯಾವ ಊರಿನಲ್ಲಿ ಯಾವ ಕಾಳು ಎಂದು ಬರೆಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಬಳ್ಳಾರಿಯವರು ಮತ್ತೆ

ಹೇಳಲೇಬೇಕಾದದ್ದೊಂದು ಉಳಿದಿತ್ತು. ಮಕ್ಕಳ ಜೇಬು. ಮಡಕೆಯ ಬೋಕಿ, ಕಲ್ಲಿನ ಚೆಕ್ಕೆ, ಬೂದಿಯ ಹೆಂಟೆ ಏನನ್ನೂ ಎತ್ತಿಕೊಂಡು ಬರಬಾರದು. ಕಾನೂನಿನ ಮಾತು ಹಾಗಿರಲಿ, ಎಲ್ಲಿ ಬಿದ್ದಿತ್ತು ಎಂಬುದು ತಪ್ಪಿಹೋದರೆ ಆ ಚೂರು ಏನನ್ನೂ ಹೇಳುವುದಿಲ್ಲ. ಸ್ಕೇಲ್ ಪಕ್ಕದಲ್ಲಿಟ್ಟು ಫೋಟೊ ತೆಗೆದು, ಇದ್ದಲ್ಲೇ ಬಿಡಲಿ.

ಶಿಕ್ಷಕಿ

ಎಲ್ಲರಿಗೂ ಧನ್ಯವಾದ. ಬಕೆಟ್ ಪ್ರಯೋಗ ಈ ಶನಿವಾರವೇ. ಬೆಳಿಗ್ಗೆ ಸಂಗ್ರಹಾಲಯ, ಆಮೇಲೆ ಹಿರೇಗುಡ್ಡ, ವಾಪಸು ಬರುವಾಗ ಕುಡತಿನಿ ಎಂದುಕೊಂಡಿದ್ದೇನೆ. ಪಿಕ್ಲಿಹಾಳ, ಮಸ್ಕಿ ಇನ್ನೊಮ್ಮೆ. ಹುಡುಗಿಯರೇ ಹೆಚ್ಚಿದ್ದಾರೆ, ಬೆಟ್ಟದ ಹತ್ತಿರ ಶೌಚಾಲಯದ ವ್ಯವಸ್ಥೆ ಇದೆಯೇ?

ಬಳ್ಳಾರಿಯವರು

ಬೆಟ್ಟದ ಮೇಲೆ ನಂಬಬೇಡಿ ಮೇಡಂ, ನಗರದಲ್ಲೇ ಮುಗಿಸಿಕೊಂಡು ಹೊರಡಿ. ಸಂಗ್ರಹಾಲಯಕ್ಕೆ ಮೊದಲೇ ಫೋನ್ ಮಾಡಿ ರಜೆಯ ದಿನ ಕೇಳಿಕೊಳ್ಳಿ, ಶಾಲೆಯಿಂದ ಬರುತ್ತಿದ್ದೇವೆ ಎಂದೂ ತಿಳಿಸಿ. ಡಿಸೆಂಬರ್, ಜನವರಿಯಲ್ಲಿ ಬನ್ನಿ. ಮಾರ್ಚ್ ಬಂದರೆ ಆ ಕರಿಬಂಡೆಯ ಮೇಲೆ ಕೈ ಇಡಲಾಗುವುದಿಲ್ಲ.