ಮಡಿಕೇರಿ ಪೇಟೆಯಲ್ಲಿ ಬೆಳಗಿನ ತಿಂಡಿ: ಬಲ್ಲವರು ಹೇಳಿ

ದಾವಣಗೆರೆಯಿಂದ ಕೇಳಿದವರು:

ಆಗಸ್ಟ್ 2ರ ನಸುಕಿನಲ್ಲಿ ಮಡಿಕೇರಿಯಲ್ಲಿ ಇಳಿದು 4ರ ರಾತ್ರಿ ಹೊರಡುವವರಿದ್ದೇವೆ. ಆಸ್ತಿಯ ಕಾಗದಪತ್ರದ ಕೆಲಸ, ಜೊತೆಗೆ ಎಪ್ಪತ್ತೆರಡು ವರ್ಷದ ಅಮ್ಮ. ಬಸ್ ನಿಲ್ದಾಣದ ಹತ್ತಿರವೇ ಕೋಣೆ ಹಿಡಿದಿದ್ದೇನೆ. ಅಲ್ಲಿ ತಿಂಡಿಯ ವ್ಯವಸ್ಥೆ ಇಲ್ಲ. ಅಮ್ಮ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ನನಗೆ ಯಾವುದೂ ವರ್ಜ್ಯವಲ್ಲ. ಎರಡು ವರ್ಷದ ಹಿಂದೆ ಇದೇ ಮಳೆಗಾಲದಲ್ಲಿ ಬಂದಿದ್ದಾಗ ಮುಖ್ಯರಸ್ತೆಯ ಒಂದು ಹೋಟೆಲಿನಲ್ಲಿ ಇಡ್ಲಿ ತಿಂದೆ. ಚಮಚ ಒತ್ತಿದರೆ ತಟ್ಟೆಯೇ ಸರಿಯಿತು, ಇಡ್ಲಿ ಮುರಿಯಲಿಲ್ಲ. ಕಾಫಿಯ ನಾಡಿನಲ್ಲಿ ಕುಡಿದ ಕಾಫಿ ಅದಕ್ಕಿಂತ ಬೇಸರ ತರಿಸಿತು. ಪೇಟೆಯ ಮಧ್ಯದಲ್ಲೇ, ಅಮ್ಮ ನಡೆದು ಬರುವಷ್ಟು ದೂರದಲ್ಲಿ ಒಳ್ಳೆಯ ತಿಂಡಿ ಎಲ್ಲಿ ಸಿಗುತ್ತದೆ? ಕೊಡವರ ತಿಂಡಿ ಹೋಟೆಲಿನಲ್ಲಿ ಬೆಳಿಗ್ಗೆಯೇ ಸಿಗುತ್ತದೆಯೇ?

ಪೇಟೆಯಲ್ಲಿ ಹದಿನೆಂಟು ವರ್ಷ ದೋಸೆ ಹೊಯ್ದವರು:

ನಾನು ಕುಂದಾಪುರದ ಕಡೆಯವನು. ಮಡಿಕೇರಿಯಲ್ಲಿ ಕಾವಲಿಯ ಮುಂದೆ ಹದಿನೆಂಟು ಮಳೆಗಾಲ ಕಳೆದಿದ್ದೇನೆ, ಈಗ ಸೊಂಟ ಕೈಕೊಟ್ಟು ಬಿಟ್ಟಿದ್ದೇನೆ. ಹೋಟೆಲಿನ ಹೆಸರು ಕೇಳಬೇಡಿ. ಅಡುಗೆಯ ಭಟ್ಟರು ಬದಲಾದ ದಿನವೇ ಹೋಟೆಲೂ ಬದಲಾಗುತ್ತದೆ, ಹಳೆಯದಾಗಿ ಉಳಿಯುವುದು ಬೋರ್ಡು ಮಾತ್ರ. ಹೋದ ವರ್ಷ ಹೊಗಳಿದ ಜಾಗಕ್ಕೆ ಈ ವರ್ಷ ಕಳಿಸಿ ನಾನು ಬೈಸಿಕೊಳ್ಳಲಾರೆ. ಅದರ ಬದಲು ಆರಿಸುವುದು ಹೇಗೆ ಎಂದು ಹೇಳುತ್ತೇನೆ.

ನಿಮ್ಮ ಇಡ್ಲಿ ಕಲ್ಲಾದದ್ದಕ್ಕೆ ಹೋಟೆಲಿನವರನ್ನಷ್ಟೇ ದೂರಬೇಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಆಗಸ್ಟಿನಲ್ಲಿ ಮಧ್ಯಾಹ್ನಕ್ಕೂ ಇಪ್ಪತ್ತು ಡಿಗ್ರಿಯ ಆಸುಪಾಸಿನ ಚಳಿ. ಊರಿನಲ್ಲಿ ರಾತ್ರಿ ಎಂಟಕ್ಕೆ ರುಬ್ಬಿಟ್ಟರೆ ಬೆಳಿಗ್ಗೆ ಪಾತ್ರೆಯಿಂದ ಉಕ್ಕುವ ಹಿಟ್ಟು ಇಲ್ಲಿ ಇಟ್ಟಷ್ಟೇ ಇರುತ್ತದೆ, ಉಬ್ಬುವುದೇ ಇಲ್ಲ. ನಾವು ಮಧ್ಯಾಹ್ನ ಎರಡಕ್ಕೇ ರುಬ್ಬುತ್ತಿದ್ದೆವು. ಹಿಂದಿನ ದಿನದ ಹಿಟ್ಟನ್ನು ಒಂದು ಸೌಟು ಬೆರೆಸಿ, ಪಾತ್ರೆಗೆ ಗೋಣಿಚೀಲ ಸುತ್ತಿ, ಒಲೆಯ ಮಗ್ಗುಲಲ್ಲಿ ಕೂರಿಸಿ, ರಾತ್ರಿ ಎದ್ದು ಮಗುವನ್ನು ನೋಡುವಂತೆ ನೋಡಬೇಕಿತ್ತು. ಇಷ್ಟು ಮಾಡಲು ಮನಸ್ಸಿಲ್ಲದವರು ಬೆಳಿಗ್ಗೆ ಅಡುಗೆ ಸೋಡಾ ಸುರಿಯುತ್ತಾರೆ. ಆಗ ಇಡ್ಲಿ ಉಬ್ಬುತ್ತದೆ ನಿಜ. ಆದರೆ ಬಣ್ಣ ಹಳದಿಗೆ ತಿರುಗಿ, ನಾಲಿಗೆಗೆ ಸಾಬೂನಿನ ರುಚಿ ಹತ್ತುತ್ತದೆ. ಅದೂ ಮಾಡದವರ ಇಡ್ಲಿ ನಿಮ್ಮ ತಟ್ಟೆಗೆ ಬಂದದ್ದು.

ಹಾಗಾಗಿ ಮಳೆಗಾಲದಲ್ಲಿ ಮಡಿಕೇರಿಗೆ ಬರುವವರಿಗೆ ನನ್ನದು ಒಂದೇ ಮಾತು: ಹುಳಿ ಬರಬೇಕಾದ ತಿಂಡಿಯನ್ನು ಬಿಡಿ, ಹುಳಿ ಬೇಡದ್ದನ್ನು ಕೇಳಿ. ನೀರು ದೋಸೆ ಕೇಳಿ. ರಾತ್ರಿ ಅಕ್ಕಿ ನೆನೆಹಾಕಿ ಬೆಳಿಗ್ಗೆ ರುಬ್ಬಿ ಅಲ್ಲೇ ಹೊಯ್ಯುವ ಹಿಟ್ಟು ಅದು; ಚಳಿಗೂ ಅದಕ್ಕೂ ಸಂಬಂಧವಿಲ್ಲ. ಉಪ್ಪಿಟ್ಟು, ಶ್ಯಾವಿಗೆ, ಅಕ್ಕಿ ರೊಟ್ಟಿ, ಪೂರಿ ಎಲ್ಲಕ್ಕೂ ಇದೇ ಲೆಕ್ಕ. ಬಾಳೆಹಣ್ಣಿನ ಬನ್ಸ್ ಕಂಡು ಮನಸ್ಸು ಜಾರಬೇಡಿ, ಅದರ ಹಿಟ್ಟೂ ರಾತ್ರಿಯಿಡೀ ಕೂರಬೇಕು. ನೀವು ದಾವಣಗೆರೆಯವರು, ಬೆಣ್ಣೆ ದೋಸೆಯ ಅಳತೆಗೋಲು ಹಿಡಿದು ಬಂದರೆ ಇಲ್ಲಿ ಯಾವ ಕಾವಲಿಯೂ ಗೆಲ್ಲುವುದಿಲ್ಲ. ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಇನ್ನು ಹೊತ್ತು. ಏಳೂವರೆಯಿಂದ ಎಂಟೂವರೆಯ ನಡುವೆ ಹೋಗಿ. ಆಗ ಬರುವವರು ಊರಿನವರು, ಅಂಗಡಿ ತೆರೆಯುವವರು, ಕಚೇರಿಗೆ ಹೋಗುವವರು. ಅವರಿಗೆ ತಣ್ಣಗಿನದನ್ನು ಕೊಟ್ಟರೆ ನಾಳೆಯಿಂದ ಬರುವುದಿಲ್ಲ ಎಂಬ ಹೆದರಿಕೆ ಗಲ್ಲಾದಲ್ಲಿ ಕುಳಿತವರಿಗೆ ಇರುತ್ತದೆ. ಒಂಬತ್ತು ದಾಟಿದ ಮೇಲೆ ಪ್ರವಾಸಿಗರ ವಾಹನಗಳು ಬರುತ್ತವೆ. ಅವರು ಹೇಗೂ ನಾಳೆ ಬರುವವರಲ್ಲ. ಚಟ್ನಿಗೆ ನೀರು ಸೇರುವುದೂ ಆಗಲೇ. ಈ ಕೈಯಿಂದಲೇ ಸುರಿದಿದ್ದೇನೆ, ಸುಳ್ಳು ಹೇಳುವುದಿಲ್ಲ.

ಕೂತ ಕೂಡಲೇ "ಏನೇನಿದೆ?" ಎಂದು ಕೇಳಬೇಡಿ. ಸಪ್ಲೈಯರ್ ಹಾಡಿನಂತೆ ಇಪ್ಪತ್ತು ಹೆಸರು ಒಪ್ಪಿಸುತ್ತಾನೆ. "ಈಗ ಒಲೆಯಿಂದ ಯಾವುದು ಇಳಿಯಿತು?" ಎಂದು ಕೇಳಿ. ಆತ ಒಳಗೆ ಇಣುಕಿ ನೋಡಿ ಹೇಳಿದರೆ ಆ ಹೋಟೆಲು ಸರಿ.

ರಾತ್ರಿ ಬಸ್ಸಿನ ನಿರ್ವಾಹಕರು:

ಮೇಲಿನವರು ಏಳೂವರೆ ಎಂದರು. ಐದಕ್ಕೆ ಇಳಿದವರು ಎರಡೂವರೆ ಗಂಟೆ ಏನು ಮಾಡಬೇಕು? ನಸುಕಿನಲ್ಲಿ ಇಳಿದವರು ತಿಂಡಿ ಹುಡುಕಬಾರದು, ಚಹಾ ಹುಡುಕಬೇಕು. ನಿಲ್ದಾಣದ ಸುತ್ತಮುತ್ತ ಬೆಳಗಾಗುವ ಮುಂಚೆಯೇ ಒಲೆ ಹಚ್ಚುವ ಸಣ್ಣ ಅಂಗಡಿಗಳಿವೆ. ಕೆಲವು ಮಲಯಾಳಿಗಳದು. ಚಹಾ ಖಡಕ್ಕಾಗಿರುತ್ತದೆ, ಮಳೆ ಹೆಚ್ಚಾದರೆ ಯಾರೂ ಏಳಿಸುವುದಿಲ್ಲ. ಅಲ್ಲಿ ಪುಟ್ಟು ಮತ್ತು ಕಡಲೆ ಸಾರು ಸಿಕ್ಕಿದರೆ ಅಮ್ಮನವರಿಗೂ ಆಗುತ್ತದೆ, ಹೊಟ್ಟೆಯಲ್ಲಿ ಹೊತ್ತು ನಿಲ್ಲುತ್ತದೆ.

ಇಡ್ಲಿಯ ವಿಷಯದಲ್ಲಿ ನನ್ನದು ತಕರಾರಿದೆ. ಆರೂಕಾಲಕ್ಕೆ ಮೊದಲ ಹಬೆ ಇಳಿಯುವಾಗ ತಿಂದರೆ ಮಡಿಕೇರಿಯ ಇಡ್ಲಿಯೂ ಚೆನ್ನಾಗಿಯೇ ಇರುತ್ತದೆ.

ದೋಸೆ ಹೊಯ್ದವರು:

ಹಬೆಯಲ್ಲಿ ಇರುವಾಗ ಯಾವ ಇಡ್ಲಿಯೂ ಮೆತ್ತಗೇ ಇರುತ್ತದೆ ಸ್ವಾಮಿ. ಹತ್ತು ನಿಮಿಷ ಬಿಟ್ಟು ಮುರಿದು ನೋಡಿ.

ನಿವೃತ್ತ ಶಿಕ್ಷಕಿ, ಮಡಿಕೇರಿಯ ಹೊರವಲಯ:

ಕೊಡವರ ತಿಂಡಿಯ ಬಗ್ಗೆ ಕೇಳಿದ್ದೀರಿ, ಅದಕ್ಕೆ ನಾನು ಹೇಳುತ್ತೇನೆ. ಹೋಟೆಲಿನಲ್ಲಿ ಬೆಳಿಗ್ಗೆಯೇ ಸಿಗುವುದು ಅಪರೂಪ. ಕೊಡವ ಅಡುಗೆ ಎಂದು ಬರೆದುಕೊಂಡ ಕಡೆಗಳಲ್ಲೂ ಅದು ಹೆಚ್ಚಾಗಿ ಮಧ್ಯಾಹ್ನದ ಊಟ. ಕಾರಣ ಸರಳ: ನಮ್ಮ ಅಕ್ಕಿ ಒಟ್ಟಿಯನ್ನು ತೆಗೆದುಕೊಳ್ಳಿ. ಅನ್ನವನ್ನು ಅಕ್ಕಿ ಹಿಟ್ಟಿನೊಂದಿಗೆ ಸೇರಿಸಿ, ಗಂಟಿಲ್ಲದಂತೆ ನಾದಿ, ಒಂದೊಂದನ್ನೇ ಕೈಯಿಂದ ತಟ್ಟಿ, ಹಂಚಿನ ಮೇಲೆ ಬೇಯಿಸಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸಬೇಕು. ಮನೆಯಲ್ಲಿ ಆರು ಜನಕ್ಕೆ ಮಾಡುವಷ್ಟರಲ್ಲೇ ತೋಳು ಸೋಲುತ್ತದೆ. ನೂರು ಜನ ಕಾಯುವ ಹೋಟೆಲಿನಲ್ಲಿ ಯಾರು ತಟ್ಟುತ್ತಾರೆ? ನೂಲ್ ಪುಟ್ಟು, ಅಂದರೆ ಅಕ್ಕಿ ಶ್ಯಾವಿಗೆ, ಕೂಡ ಹಾಗೆಯೇ, ಒರಳಿನಲ್ಲಿ ಒತ್ತುವವರಿಗೆ ಗೊತ್ತು ಅದರ ಕಷ್ಟ.

ದೋಸೆಯವರ ಮಾತು ನನಗೆ ಹಿಡಿಸಿತು. ನಮ್ಮ ಕಡಂಬುಟ್ಟು, ಪಾಪುಟ್ಟು, ನೂಲ್ ಪುಟ್ಟು ಯಾವುದಕ್ಕೂ ಹುಳಿ ಬರಬೇಕಿಲ್ಲ. ಅಕ್ಕಿ ಇದ್ದರಾಯಿತು, ಹಬೆ ಇದ್ದರಾಯಿತು. ಈ ಚಳಿಯಲ್ಲಿ ನಮ್ಮ ಅಜ್ಜಿಯಂದಿರು ಇಡ್ಲಿಗಾಗಿ ಕಾದು ಕೂರಲಿಲ್ಲ ಎಂದು ಈಗ ಹೊಳೆಯಿತು.

ಕಡಂಬುಟ್ಟನ್ನು ಹಂದಿ ಸಾರಿನ ಜೋಡಿ ಎಂದೇ ಹೊರಗಿನವರು ತಿಳಿದಿದ್ದಾರೆ. ಪಟ್ಟಿಯಲ್ಲೂ ಹಾಗೇ ಬರೆಯುತ್ತಾರೆ. ಆದರೆ ಅದರೊಳಗೆ ಅಕ್ಕಿ ತರಿ, ನೀರು, ಉಪ್ಪು ಬಿಟ್ಟರೆ ಏನೂ ಇಲ್ಲ. ಬೇಯಿಸಿ, ಉಂಡೆ ಕಟ್ಟಿ, ಹಬೆಗೆ ಇಡುತ್ತೇವೆ. ಅಮ್ಮನವರು ಜೇನು ಮತ್ತು ತುಪ್ಪ ಹಾಕಿಕೊಂಡು ತಿನ್ನಲಿ. ಬಿಸಿ ಇರುವಾಗಲೇ ತಿನ್ನಬೇಕು; ಆರಿದರೆ ಅದೂ ನಿಮ್ಮ ಆ ಇಡ್ಲಿಯ ತಮ್ಮನೇ. ಪಾಪುಟ್ಟು ಇನ್ನೂ ಮೃದು. ತರಿಗೆ ಹಾಲು, ತೆಂಗಿನ ತುರಿ ಸೇರಿಸಿ ತಟ್ಟೆಯಲ್ಲಿ ಹಬೆಗಿಟ್ಟದ್ದು, ಹಲ್ಲಿಲ್ಲದವರಿಗೂ ನಡೆಯುತ್ತದೆ. ಮಲಯಾಳಿಗಳ ಪುಟ್ಟು ಕೊಳವೆಯ ಆಕಾರದ್ದು, ಅದು ಬೇರೆಯೇ. ಹೆಸರು ಕೇಳಿ ಗೊಂದಲ ಮಾಡಿಕೊಳ್ಳಬೇಡಿ.

ನೀವು ಬರುವುದು ಕಕ್ಕಡದಲ್ಲಿ, ಅಂದರೆ ನಮ್ಮ ಕೊಡವ ಲೆಕ್ಕದ ಮಳೆಗಾಲದ ತಿಂಗಳಲ್ಲಿ. ಮಾಂಸ ತಿನ್ನದವರಿಗೆ ಇದಕ್ಕಿಂತ ಒಳ್ಳೆಯ ಕಾಲ ಕೊಡಗಿನಲ್ಲಿಲ್ಲ. ಕಾಡಿನ ಕುಮ್ಮು, ಅಂದರೆ ಅಣಬೆ. ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಹಾಕಿದ ಎಳೆಯ ಬಿದಿರಿನ ಬೈಂಬಳೆ. ಕೆಸುವಿನ ಕೆಂಬು ಸಾರು, ಎಲ್ಲವೂ ಈಗಲೇ. ಒಂದು ಎಚ್ಚರಿಕೆ: ಒಣಮೀನು ಅಥವಾ ಸೀಗಡಿ ಸೇರಿಸಿದ್ದಾರೆಯೇ ಎಂದು ಕೇಳಿಕೊಳ್ಳಿ. ಹಿಂದಿನ ಸಂಜೆಯೇ ಹೇಳಿದರೆ ಬೆಳಿಗ್ಗೆ ಮಾಡಿಕೊಡುವ ಹೆಂಗಸರು ಪೇಟೆಯಲ್ಲೇ ಇದ್ದಾರೆ. ಕೋಣೆಯ ಯಜಮಾನರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಮತ್ತೊಂದು. ಆಗಸ್ಟ್ 3 ನಮಗೆ ಕಕ್ಕಡ ಹದಿನೆಂಟು. ಮದ್ದು ಸೊಪ್ಪಿನ ರಸದಲ್ಲಿ ಪಾಯಸ, ಪುಟ್ಟು ಮಾಡುವ ದಿನ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಗುಣ ತುಂಬಿರುತ್ತದೆ ಎಂಬುದು ನಂಬಿಕೆ. ಪಾಯಸ ಕಡು ನೇರಳೆ ಬಣ್ಣದ್ದು. ಮರುದಿನ ಮೂತ್ರವೂ ಬಣ್ಣಕ್ಕೆ ತಿರುಗುತ್ತದೆ, ಅಮ್ಮನವರಿಗೆ ಮೊದಲೇ ಹೇಳಿಬಿಡಿ. ಹೋಟೆಲಿನಲ್ಲಿ ಅದನ್ನು ಹುಡುಕಿ ಅಲೆಯಬೇಡಿ, ನಮ್ಮ ಮನೆಗೇ ಬನ್ನಿ.

ಸಣ್ಣ ಕಾಫಿ ಬೆಳೆಗಾರರು:

ತಿಂಡಿಯ ಬಗ್ಗೆ ಎಲ್ಲರೂ ಹೇಳಿದರು, ಕಾಫಿಯನ್ನು ಯಾರೂ ಮುಟ್ಟಲಿಲ್ಲ. ನಾಚಿಕೆಯಿಂದ ಇರಬೇಕು. ದೇಶದ ಕಾಫಿಯಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಈ ಪುಟ್ಟ ಜಿಲ್ಲೆಯದು. ಆದರೆ ನಮ್ಮ ಬೀಜದಲ್ಲಿ ಹೆಚ್ಚಿನದು ಚೀಲದಲ್ಲಿ ಘಟ್ಟ ಇಳಿದು ವಿದೇಶಕ್ಕೆ ಹೋಗುತ್ತದೆ. ಹೋಟೆಲಿಗೆ ಬರುವುದು ಚಿಕೋರಿ ಬೆರೆತ ಪುಡಿ. ಕಾನೂನಿನ ಪ್ರಕಾರ ನೂರರಲ್ಲಿ 49ರವರೆಗೂ ಚಿಕೋರಿ ಬೆರೆಸಬಹುದು, ಪೊಟ್ಟಣದ ಮೇಲೆ ನಮೂದಿಸಿದರಾಯಿತು. ನೀವು ಕುಡಿದ ಆ ಕಪ್ಪಗಿನ, ಮಂದ, ಕಹಿ ದ್ರವದಲ್ಲಿ ಕಾಫಿ ಅರ್ಧ ಇದ್ದಿರಬಹುದು.

ಬೆಲ್ಲದ ಕಾಫಿ ಕೇಳಿ. ಹಾಲಿಲ್ಲ, ಫಿಲ್ಟರ್ ಇಲ್ಲ. ಬೆಲ್ಲದ ನೀರು ಕುದಿಯುವಾಗ ಪುಡಿ ಹಾಕಿ, ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಲೋಟಕ್ಕೆ ಬಗ್ಗಿಸುತ್ತೇವೆ. ತೆಳ್ಳಗಿರುತ್ತದೆ. ಮೊದಲ ಗುಟುಕಿಗೆ ಇದೇನು ಕಷಾಯ ಎನಿಸುತ್ತದೆ, ಎರಡನೆಯ ಲೋಟ ನೀವೇ ಕೇಳುತ್ತೀರಿ. ನಮ್ಮ ಮನೆಗಳಲ್ಲಿ ದಿನ ಶುರುವಾಗುವುದು ಇದರಿಂದಲೇ. ಹಾಲು ಹಾಕಿಸಲು ಹೋಗಬೇಡಿ, ಬೆಲ್ಲಕ್ಕೆ ಹಾಲು ಒಡೆಯುತ್ತದೆ.

ಸರ್ಕಾರಿ ಕಚೇರಿಯೊಂದರ ಗುಮಾಸ್ತರು:

ಎರಡೇ ಮಾತು. ಈ ಊರಿನಲ್ಲಿ ಸಮತಟ್ಟಾದ ರಸ್ತೆ ಎಂಬುದಿಲ್ಲ. ನಕ್ಷೆಯಲ್ಲಿ ಮುನ್ನೂರು ಮೀಟರ್ ಎಂದು ಕಂಡದ್ದು ಅಮ್ಮನವರಿಗೆ ಮುನ್ನೂರು ಮೀಟರಿನ ಏರು, ಅದೂ ಪಾಚಿ ಕಟ್ಟಿದ್ದು. ಹೋಟೆಲು ನೆಲಮಹಡಿಯಲ್ಲಿದೆಯೇ ಎಂದು ಮೊದಲು ನೋಡಿ, ರುಚಿ ಆಮೇಲೆ. ನೀವು ಬರುವ ಮೂರು ದಿನಗಳಲ್ಲಿ ಶುಕ್ರವಾರ ಸೇರಿದ್ದರೆ ಅಂದು ಸಂತೆ, ಮಹದೇವಪೇಟೆಯ ಕಡೆ ಜನ ತುಂಬಿರುತ್ತಾರೆ. ಎಂಟರೊಳಗೆ ತಿಂಡಿ ಮುಗಿಸಿ, ಹತ್ತಕ್ಕೆ ಕಚೇರಿಗೆ ಬನ್ನಿ. ಹನ್ನೊಂದಕ್ಕೆ ಬಂದವರು ನಾಳೆಯೂ ಬರಬೇಕಾಗುತ್ತದೆ.

ದಾವಣಗೆರೆಯವರು, 4ರ ರಾತ್ರಿ:

ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಮೊದಲ ದಿನ ಐದು ಗಂಟೆಗೆ ಇಳಿದಾಗ ಎದುರಿನ ಕಟ್ಟಡ ಕಾಣದಷ್ಟು ಮಂಜು. ನಿರ್ವಾಹಕರು ಹೇಳಿದಂತೆ ಚಹಾ ಅಂಗಡಿಯ ಬೆಂಚಿನಲ್ಲಿ ಕುಳಿತೆವು. ಅಮ್ಮ ಮಲಯಾಳಿ ಅಂಗಡಿಯವರೊಂದಿಗೆ ಕನ್ನಡದಲ್ಲಿ, ಅವರು ಅಮ್ಮನೊಂದಿಗೆ ಅವರದೇ ಕನ್ನಡದಲ್ಲಿ, ಮೊಣಕಾಲು ನೋವಿನ ಬಗ್ಗೆ ಒಂದು ಗಂಟೆ ಮಾತಾಡಿದರು. ಏಳೂಮುಕ್ಕಾಲಿಗೆ ನೆಲಮಹಡಿಯ ಒಂದು ಹೋಟೆಲಿಗೆ ಹೋಗಿ "ಈಗ ಯಾವುದು ಇಳಿಯಿತು?" ಎಂದೆ. ಸಪ್ಲೈಯರ್ ಹುಡುಗ ನನ್ನನ್ನೇ ದಿಟ್ಟಿಸಿ, ಒಳಗೆ ಹೋಗಿ ಬಂದು "ನೀರು ದೋಸೆ, ಇಡ್ಲಿ ಬೇಡ ಸರ್" ಎಂದ. ಬೇಡ ಎಂದು ಆತನೇ ಹೇಳಿದ! ಅಮ್ಮ ಐದು ತಿಂದರು.

ಎರಡನೆಯ ದಿನ ಟೀಚರ್ ಮನೆ. ಅಮ್ಮ ನೇರಳೆ ಪಾಯಸವನ್ನು ಮೊದಲು ಮೂಸಿ ನೋಡಿದರು. ಆಮೇಲೆ ಬಟ್ಟಲು ಮತ್ತೆ ಮುಂದೆ ಚಾಚಿದ್ದನ್ನು ನಾನು ಕಂಡೂ ಕಾಣದಂತೆ ಇದ್ದೆ. ಮೂರನೆಯ ದಿನ ಕೋಣೆಯ ಯಜಮಾನರ ಮೂಲಕ ಕಡಂಬುಟ್ಟು ಹೇಳಿಸಿದ್ದೆ. ಕೆಂಬು ಸಾರು ಅಮ್ಮನಿಗೆ ಸ್ವಲ್ಪ ಖಾರವಾಯಿತು, ಜೇನಿನಲ್ಲಿ ಮುಗಿಸಿದರು. ಬೆಲ್ಲದ ಕಾಫಿಯ ಎರಡನೆಯ ಲೋಟವನ್ನು ನಾನು ಕೇಳಲಿಲ್ಲ. ಕ್ಷಮಿಸಿ, ನನಗೆ ಹಾಲೇ ಬೇಕು.

ಅಮ್ಮನ ಕೈಚೀಲದಲ್ಲಿ ಈಗ ಮದ್ದು ಸೊಪ್ಪಿನ ಎರಡು ಕಟ್ಟು ಇವೆ. ಟೀಚರ್, ಎಷ್ಟು ಹೊತ್ತು ಕುದಿಸಬೇಕು ಎಂದು ಕೇಳುತ್ತಿದ್ದಾರೆ.

ನಿವೃತ್ತ ಶಿಕ್ಷಕಿ:

ನೀರೆಲ್ಲ ಕಡು ನೇರಳೆಯಾಗುವವರೆಗೆ. ಸೋಸಿ, ಸೊಪ್ಪು ಎಸೆದು, ಆ ನೀರಿನಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನ ಹಾಲು ಹಾಕಿ. ಹದಿನೆಂಟು ದಾಟಿದ್ದರಿಂದ ಔಷಧಿ ಗುಣ ಎಷ್ಟು ಉಳಿದಿದೆಯೋ, ಬಣ್ಣವಂತೂ ಬರುತ್ತದೆ.