ಒಂದೇ ಮನೆತನದ ಹೆಸರಿನವರ ಪಟ್ಟಿ: 'ಜ.', 'ಮ.', 'ನಿಧನ' – ಯಾವುದು ಸರಿ?

ಒಂದೇ ಮನೆತನದ ಹೆಸರಿರುವವರ ಪಟ್ಟಿ ಬರೆಯುವಾಗ ತೊಡಕು ತಲೆಬರಹದಲ್ಲೇ ಶುರು. 'ಅಡ್ಡಹೆಸರು' ಎಂದರೆ ಕೆಲವರಿಗೆ ಮನೆತನದ ಹೆಸರು, ಇನ್ನು ಕೆಲವರಿಗೆ ಜನ ಇಟ್ಟು ಕರೆಯುವ ಹೆಸರು. 'ಕುಲನಾಮ' ಎಂದ ಕೂಡಲೇ ಜಾತಿ ನೆನಪಾಗುತ್ತದೆ. 'ಮನೆತನದ ಹೆಸರು' ಉದ್ದವಾದರೂ ಅದನ್ನೇ ಬಳಸಿ.

ಇಂಥ ಪಟ್ಟಿಯಲ್ಲಿ ಇಸವಿಯೇ ವ್ಯಕ್ತಿಯ ಗುರುತು. ಜರ್ಮನಿಯ ಬಾಖ್ ಮನೆತನವನ್ನು ನೋಡಿ. ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಅಣ್ಣ ಯೋಹಾನ್ ಕ್ರಿಸ್ಟೋಫ್ (1671–1721). ತಂದೆಯ ಅವಳಿ ಸೋದರನೂ ಯೋಹಾನ್ ಕ್ರಿಸ್ಟೋಫ್ (1645–1693). ಐಸೆನಾಖ್‌ನಲ್ಲಿ ಆರ್ಗನ್ ನುಡಿಸುತ್ತಿದ್ದ ನೆಂಟನೂ ಯೋಹಾನ್ ಕ್ರಿಸ್ಟೋಫ್ (1642–1703). ಒಂದು ಅಂಕಿ ತಪ್ಪಿದರೆ ಒಬ್ಬನ ಕೃತಿ ಇನ್ನೊಬ್ಬನ ಖಾತೆಗೆ ಹೋಗುತ್ತದೆ.

ಆದ್ದರಿಂದ ಜನನಕ್ಕೆ 'ಜ.', ಮರಣಕ್ಕೆ 'ಮ.' ಎಂದು ಸಂಕ್ಷೇಪಾಕ್ಷರ ಹಾಕುವಾಗ ಎಚ್ಚರ ಬೇಕು. 'ಜ. 5' ಎಂದರೆ ಜನವರಿ 5 ಎಂದೂ ಓದಬಹುದು. ವಂಶಾವಳಿಯಲ್ಲಿ 'ಮ.' ಎಂಬುದು ಮಗನೋ ಮಗಳೋ ಮದುವೆಯೋ ಮರಣವೋ ಹೇಳಲಾಗದು. ಎರಡೂ ಇಸವಿ ಗೊತ್ತಿದ್ದರೆ ಆವರಣದಲ್ಲಿ ಇಸವಿಯಷ್ಟೇ ಸಾಕು. ತಾರೀಖು ಕೊಡುವುದಾದರೆ 'ಜನನ', 'ಮರಣ' ಎಂದು ಪೂರ್ತಿ ಬರೆಯಿರಿ. 'ಜನ್ಮ'ಕ್ಕೆ ಇಡೀ ಬಾಳು ಎಂಬರ್ಥವೂ ಇದೆ ('ಈ ಜನ್ಮದಲ್ಲಿ'). ಹುಟ್ಟಿದ ಘಟನೆಗೆ 'ಜನನ'ವೇ ಖಚಿತ. 'ನಿಧನ' ಗೌರವದ ಮಾತು, ಸುದ್ದಿಗೆ ಒಪ್ಪುತ್ತದೆ. ಆದರೆ ಒಬ್ಬರಿಗೆ 'ನಿಧನ', ಮತ್ತೊಬ್ಬರಿಗೆ 'ಮರಣ' ಎಂದರೆ ಪಂಕ್ತಿಭೇದವಾಗುತ್ತದೆ. 'ದಿವಂಗತ: 1750' ಎಂಬುದಂತೂ ತಪ್ಪು, ದಿವಂಗತ ಎಂಬುದು ತೀರಿಕೊಂಡ ವ್ಯಕ್ತಿಗೆ ಸಲ್ಲುವ ವಿಶೇಷಣ, ಘಟನೆಯ ಹೆಸರಲ್ಲ.

ನನಗೆ ಹೆಚ್ಚು ಆತಂಕ ತರುವುದು ದೀಕ್ಷಾಸ್ನಾನದ (ಕ್ರೈಸ್ತರು ಮಗುವಿಗೆ ಚರ್ಚಿನಲ್ಲಿ ಮಾಡಿಸುವ ಸಂಸ್ಕಾರದ) ತಾರೀಖು. ಸಂಗೀತಗಾರ ಬೀಥೋವನ್‌ಗೆ ದೀಕ್ಷಾಸ್ನಾನವಾದದ್ದು 1770ರ ಡಿಸೆಂಬರ್ 17. ಹುಟ್ಟಿದ ದಿನ ದಾಖಲೆಯಲ್ಲಿಲ್ಲ. ದೀಕ್ಷಾಸ್ನಾನದ ತಾರೀಖನ್ನು 'ಜನನ' ಎಂಬ ಅಂಕಣಕ್ಕೆ ತುಂಬಿದರೆ ಇಲ್ಲದ ದಾಖಲೆಯನ್ನು ನಾವೇ ಹುಟ್ಟಿಸಿದಂತೆ. 'ದೀಕ್ಷಾಸ್ನಾನ 17 ಡಿಸೆಂಬರ್ 1770' ಎಂದೇ ಇರಲಿ.

ಯುರೋಪಿನಲ್ಲಿ ಕ್ಯಾಲೆಂಡರ್ ಬದಲಾದದ್ದೂ ಕಾಡುತ್ತದೆ. ಸೆಬಾಸ್ಟಿಯನ್ ಬಾಖ್ ಹುಟ್ಟಿದ್ದು ಹಳೆಯ ಜೂಲಿಯನ್ ಲೆಕ್ಕದಲ್ಲಿ 1685ರ ಮಾರ್ಚ್ 21, ನಾವು ಈಗ ಬಳಸುವ ಗ್ರೆಗೋರಿಯನ್ ಲೆಕ್ಕದಲ್ಲಿ ಮಾರ್ಚ್ 31. ಸತ್ತದ್ದು 1750ರ ಜುಲೈ 28, ಇದು ಗ್ರೆಗೋರಿಯನ್. ಹಳೆಯ ತಾರೀಖಿನ ಪಕ್ಕ 'ಹಳೆ ಲೆಕ್ಕ' ಎಂದು ಬರೆಯದಿದ್ದರೆ ಆಯಸ್ಸಿಗೆ ಹತ್ತು ದಿನ ಸುಮ್ಮನೆ ಸೇರುತ್ತದೆ.

ಇಸವಿ ಅಂದಾಜಿನದಾದರೆ 'ಸು.' ಬೇಡ, 'ಸುಮಾರು 1640' ಎನ್ನಿ. '1950–' ಎಂದು ಗೆರೆ ಎಳೆದು ಬಿಟ್ಟರೆ ವ್ಯಕ್ತಿ ಬದುಕಿದ್ದಾರೋ, ಮರಣದ ವರ್ಷ ಸಿಕ್ಕಿಲ್ಲವೋ ತಿಳಿಯದು. ಬದುಕಿರುವವರಿಗೆ 'ಜನನ 1950' ಎಂದಿಷ್ಟೇ. ವರ್ಷ ಸಿಗದವರಿಗೆ 'ಮರಣ: ತಿಳಿದಿಲ್ಲ'.