ವಯಸ್ಸಾದ ಮೇಲೆ ಕೊಬ್ಬಿಗೆ ರಕ್ತ ಸರಿಯಾಗಿ ಹೋಗಲ್ವಾ?

ಪ್ರಶ್ನೆ (ಮಂಡ್ಯದ ಸದಸ್ಯೆ): ನಮಸ್ಕಾರ ಡಾಕ್ಟ್ರೇ. ನಮ್ಮ ತಂದೆಗೆ 67 ವರ್ಷ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಊಟ ಮೊದಲಿಗಿಂತ ಕಮ್ಮಿ ಮಾಡಿದ್ದಾರೆ, ಆದರೂ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಜಾಸ್ತಿ, ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂತು. ವಯಸ್ಸಾದ ಮೇಲೆ ಕೊಬ್ಬಿನೊಳಗೆ ರಕ್ತ ಓಡಾಡೋದು ಕಮ್ಮಿ ಆಗುತ್ತೆ, ಅದಕ್ಕೇ ಹೀಗೆ ಅಂತ ಒಬ್ಬರು ಹೇಳಿದರು. ಕೊಬ್ಬಿಗೆ ರಕ್ತ ಯಾಕೆ ಬೇಕು?

ಉತ್ತರ (ಡಾಕ್ಟರ್): ಬೇಕಮ್ಮ, ತುಂಬಾ ಬೇಕು. ಕೊಬ್ಬು ಸುಮ್ನೆ ಬಿದ್ದಿರುವ ವಸ್ತು ಅಲ್ಲ. ಹೊಟ್ಟೆಯ ಚರ್ಮದ ಕೆಳಗಿನ 100 ಗ್ರಾಂ ಕೊಬ್ಬಿಗೆ ಖಾಲಿ ಹೊಟ್ಟೆಯಲ್ಲೂ ನಿಮಿಷಕ್ಕೆ ಸುಮಾರು 2ರಿಂದ 4 ಮಿ.ಲೀ. ರಕ್ತ ಹೋಗುತ್ತದೆ. ಆರೋಗ್ಯವಂತರಲ್ಲಿ ಊಟ ಆದ ಮೇಲೆ ಅದು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಇದನ್ನು ಅಳೆಯುವ ದಾರಿ 1966ರಲ್ಲೇ ಡೆನ್ಮಾರ್ಕ್‌ನವರು ತೋರಿಸಿದ್ದರು: ವಿಕಿರಣ ಸೂಸುವ ಕ್ಸೆನಾನ್ ಅನಿಲವನ್ನು ಸ್ವಲ್ಪವೇ ಸ್ವಲ್ಪ ಕೊಬ್ಬಿಗೆ ಚುಚ್ಚಿ, ರಕ್ತ ಅದನ್ನು ಎಷ್ಟು ಬೇಗ ತೊಳೆದುಕೊಂಡು ಹೋಗುತ್ತದೆ ಅಂತ ನೋಡುವುದು.

ಊಟದ ನಂತರ ಈ ರಕ್ತ ಯಾಕೆ ಹೆಚ್ಚಬೇಕು ಅಂದರೆ, ನಾವು ತಿಂದ ಎಣ್ಣೆ ತುಪ್ಪ ರಕ್ತದಲ್ಲೇ ತೇಲಿಕೊಂಡು ಬರುತ್ತದೆ, ಅದನ್ನು ಒಡೆಯುವ ಕಿಣ್ವ ಕೊಬ್ಬಿನ ಸಣ್ಣ ರಕ್ತನಾಳಗಳ ಒಳಗೋಡೆಗೇ ಅಂಟಿಕೊಂಡಿರುತ್ತದೆ, ರಕ್ತ ಅಲ್ಲಿಗೆ ಬಂದರೆ ತಾನೇ ಕೆಲಸ? ಬರದಿದ್ದರೆ ಆ ಎಣ್ಣೆ ರಕ್ತದಲ್ಲೇ ಸುತ್ತುತ್ತದೆ. ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಒಂದಷ್ಟು ಹೋಗಿ ಲಿವರ್‌ನಲ್ಲಿ ಕೂರುತ್ತದೆ.

ವಯಸ್ಸಾದಂತೆ ರಕ್ತನಾಳಗಳು ಹಿಗ್ಗುವ ಗುಣ ಕಳೆದುಕೊಳ್ಳುತ್ತವೆ, ಯಾಕಂದರೆ ಅವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕಮ್ಮಿಯಾಗುತ್ತದೆ. ಮುದಿ ಇಲಿಗಳ ಕೊಬ್ಬಿನಲ್ಲಿ ಸಣ್ಣ ನಾಳಗಳೇ ವಿರಳವಾಗುವುದು ಕಂಡಿದೆ. ಅದೇ ಹೊತ್ತಿಗೆ ಕೊಬ್ಬಿನ ಜೀವಕಣ ಉಬ್ಬಿದರೆ, ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟದ ಹಾಗೆ ಅದಕ್ಕೆ ಆಮ್ಲಜನಕ ಸಾಲದಾಗುತ್ತದೆ. 2021ರಲ್ಲಿ ಇಸ್ರೇಲ್‌ನ ಸಂಶೋಧಕರು ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್ ಅನ್ನುವ ಪ್ರೋಟೀನನ್ನು ಇಲಿಗಳಲ್ಲಿ ಸ್ವಲ್ಪ ಏರಿಸಿದಾಗ, ವಯಸ್ಸಾದರೂ ಹೊಟ್ಟೆಯೊಳಗಿನ ಕೊಬ್ಬು, ಫ್ಯಾಟಿ ಲಿವರ್ ಎರಡೂ ಕಮ್ಮಿ ಇದ್ದವು. ಇದು ಇಲಿಗಳ ಮಾತು, ಮನುಷ್ಯರಿಗೆ ಇಂಥ ಔಷಧಿ ಇಲ್ಲ.

ಆದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ. ಸೊಂಟ ದಪ್ಪವಾಗಿ ಇನ್ಸುಲಿನ್ ಸರಿಯಾಗಿ ನಾಟದ ನಡುವಯಸ್ಸಿನವರಲ್ಲೂ ಊಟದ ನಂತರ ಈ ರಕ್ತ ಸರಿಯಾಗಿ ಏರುವುದಿಲ್ಲ. ನಮ್ಮವರಲ್ಲಿ ತೂಕ ಸರಿ ಇದ್ದೂ ಹೊಟ್ಟೆ ಬರುವುದು ಜಾಸ್ತಿ, ಅದಕ್ಕೇ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಸೊಂಟದ ಗಡಿ. ತಂದೆಯವರ ಸೊಂಟ ಅಳೆಯಿರಿ. ಥೈರಾಯ್ಡ್, ಮೂರು ತಿಂಗಳ ಶುಗರ್ ಎರಡನ್ನೂ ಮಾಡಿಸಿ, ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡದೆ ನಿಮ್ಮ ಡಾಕ್ಟರಿಗೆ ಹೇಳಿ. ಎದೆನೋವು, ಏದುಸಿರು ಇಲ್ಲದಿದ್ದರೆ ದಿನಾ ಬಿರುಸಾಗಿ ನಡೆಯಲಿ. ಇವತ್ತು ನಡೆದದ್ದು ನಾಳೆಯ ಊಟದ ಟ್ರೈಗ್ಲಿಸರೈಡನ್ನೂ ಇಳಿಸುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಹಾಗಾದರೆ ಹೊಟ್ಟೆಗೆ ಬಿಸಿ ಬೆಲ್ಟ್ ಕಟ್ಟಿ ರಕ್ತ ಹರಿಸಿದರೆ ಕೊಬ್ಬು ಕರಗುತ್ತಾ ಸರ್?

ಉತ್ತರ: ಇಲ್ಲ. ಬಿಸಿಗೆ ರಕ್ತ ಬರುತ್ತದೆ, ನಿಜ. ಆದರೆ ಕೊಬ್ಬಿನ ಕಣ ಬಿಟ್ಟುಕೊಟ್ಟದ್ದನ್ನು ಉರಿಸುವ ಸ್ನಾಯು ದುಡಿಯಬೇಕಲ್ವಾ? ದುಡ್ಡು ಉಳಿಸಿ.

ಪ್ರಶ್ನೆ (ಹಾಸನದ ಸದಸ್ಯೆ): ಅಮ್ಮ ಬಹಳ ವರ್ಷದಿಂದ ಹೊಕ್ಕುಳ ಪಕ್ಕ ಒಂದೇ ಜಾಗಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಅಲ್ಲಿ ಗಂಟಾಗಿದೆ. ಅಲ್ಲಿ ನೋವಾಗಲ್ಲ ಅಂತ ಅದೇ ಜಾಗ ಬೇಕು ಅವರಿಗೆ.

ಉತ್ತರ: ಇದು ಮುಖ್ಯ, ದಯವಿಟ್ಟು ಗಮನಿಸಿ. ಆ ಗಂಟಿನಿಂದ ಔಷಧಿ ಒಂದೊಂದು ದಿನ ಒಂದೊಂದು ಥರ ರಕ್ತಕ್ಕೆ ಸೇರುತ್ತದೆ. ಜಾಗ ಬದಲಿಸಲೇಬೇಕು, ಪ್ರತಿ ಸಲ ಒಂದು ಬೆರಳಿನಗಲ ದೂರ ಚುಚ್ಚಬೇಕು. ಆದರೆ ಗಂಟು ಬಿಟ್ಟು ಒಳ್ಳೆ ಜಾಗಕ್ಕೆ ಅದೇ ಡೋಸ್ ಹಾಕಿದರೆ ಶುಗರ್ ದಿಢೀರನೆ ಇಳಿಯಬಹುದು, ವಯಸ್ಸಾದವರಿಗೆ ಅದು ಅಪಾಯ. ಮೊದಲು ಅವರ ಡಾಕ್ಟರಿಗೆ ಗಂಟು ಮುಟ್ಟಿಸಿ ತೋರಿಸಿ, ಡೋಸ್ ಕಮ್ಮಿ ಮಾಡಬೇಕಾ ಕೇಳಿ. ಚುಚ್ಚಿದ ತಕ್ಷಣ ಬಿಸಿನೀರಿನ ಸ್ನಾನ ಬೇಡ, ಔಷಧಿ ಬೇಗ ಏರುತ್ತದೆ. ಜಾಗ ಬದಲಿಸಿದ ಮೊದಲ ಕೆಲವು ದಿನ ಊಟಕ್ಕೆ ಮುಂಚೆ, ರಾತ್ರಿ ಮಲಗುವ ಮುಂಚೆ ಶುಗರ್ ನೋಡಿ ಬರೆದಿಟ್ಟುಕೊಳ್ಳಿ, 70ಕ್ಕಿಂತ ಕೆಳಗೆ ಬಂದರೆ ತಕ್ಷಣ ಸಕ್ಕರೆ ನೀರು ಕುಡಿಸಿ ಡಾಕ್ಟರಿಗೆ ಫೋನ್ ಮಾಡಿ.